ಬೆಂಗಳೂರಿನಲ್ಲಿ ಟ್ರಾಮ್ ಓಡಿತೆ?

ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೆಂದು ಭ್ರಮಿಸುವವನ ದೃಷ್ಟಾಂತವನ್ನು ಶಾಸ್ತ್ರಕಾರರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಆ ಭ್ರಮೆ ಹುಟ್ಟಬೇಕಾದರೆ ಎರಡು ಸಂಗತಿಗಳು ಕೂಡಬೇಕು. ಎದುರಿಗೆ ಹೊಳೆಯುವ ವಸ್ತುವೊಂದಿರಬೇಕು. ಬೇರೆಲ್ಲಿಯೋ ನಿಜವಾದ ಬೆಳ್ಳಿಯನ್ನು ಕಂಡ ಸಂಸ್ಕಾರವು ಮನಸ್ಸಿನಲ್ಲಿ ಉಳಿದಿರಬೇಕು. ಇವೆರಡರ ಜೊತೆಗೆ ಬೆಳ್ಳಿ ತನ್ನದಾಗಲೆಂಬ ಆಸೆಯೂ ಸೇರಿದರೆ, ಚಿಪ್ಪನ್ನು ಕೈಗೆತ್ತಿಕೊಂಡು ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹಳೆಯ ಪಟಗಳ ವಿಷಯದಲ್ಲಿ ಬೆಂಗಳೂರಿನ ವಿದ್ಯಾವಂತ ಕುಟುಂಬಗಳಿಗೆ ಇತ್ತೀಚೆಗೆ ಸಂಭವಿಸಿರುವುದು ಇದೇ.

ಪಟದ ಬಗೆ ಎಲ್ಲರಿಗೂ ಪರಿಚಿತವಾದದ್ದು. ಅಗಲವಾದ ಬೀದಿ, ಬೀದಿಯ ನಡುವೆ ಹಳಿ, ಹಳಿಯ ಮೇಲೆ ಟ್ರಾಮ್ ಗಾಡಿ, ಇಕ್ಕೆಲಗಳಲ್ಲಿ ಕಮಾನುಗಳುಳ್ಳ ಕಟ್ಟಡಗಳು, ರುಮಾಲು ಸುತ್ತಿದ ಜನರು, ಒಂದೆರಡು ಜಟಕಾ ಗಾಡಿಗಳು. ಕೆಳಗೆ ಯಾರೋ ಬರೆದ ಒಕ್ಕಣೆ: ‘ಹಳೆಯ ಬೆಂಗಳೂರು’. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಇಂತಹ ಪಟಗಳು ಕೈಯಿಂದ ಕೈಗೆ ಸಾಗುತ್ತವೆ. ಚೌಕಟ್ಟು ಹಾಕಿಸಿಕೊಂಡು ಗೋಡೆಯನ್ನೇರುತ್ತವೆ. ಮಕ್ಕಳಿಗೆ ನಗರದ ಇತಿಹಾಸವಾಗಿ ತೋರಿಸಲ್ಪಡುತ್ತವೆ. ಈ ಬೀದಿ ಯಾವುದು ಎಂಬ ಪ್ರಶ್ನೆ ಬಂದಾಗ ಒಬ್ಬರು ಅವೆನ್ಯೂ ರಸ್ತೆಯೆನ್ನುತ್ತಾರೆ. ಮತ್ತೊಬ್ಬರು ದಂಡಿನ ಸೌತ್ ಪೆರೇಡ್ ಎನ್ನುತ್ತಾರೆ. ಮೂರನೆಯವರು ಮೈಸೂರು ರಸ್ತೆಯ ಮೊದಲ ಭಾಗವೆನ್ನುತ್ತಾರೆ. ಯಾವ ಬೀದಿಯೆಂದು ಜಗಳವಾಡುವ ಈ ಮೂವರೂ, ಯಾವ ಊರೆಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಧರ್ಮಿಯೇ ಸಿದ್ಧವಾಗದಿರುವಾಗ ಧರ್ಮಗಳನ್ನು ಕುರಿತು ವಾದ ಮಾಡುವುದೆಂದರೆ ಇದೇ.

ಸಿದ್ಧಾಂತವನ್ನು ಮೊದಲೇ ಹೇಳಿಬಿಡುವುದು ಉಚಿತ. ಬೆಂಗಳೂರು ನಗರದ ಬೀದಿಗಳಲ್ಲಿ ಪ್ರಯಾಣಿಕರ ಟ್ರಾಮ್ ಯಾವ ಕಾಲದಲ್ಲಿಯೂ ಓಡಲಿಲ್ಲ. ಕುದುರೆ ಎಳೆದದ್ದೂ ಓಡಲಿಲ್ಲ, ವಿದ್ಯುತ್ತಿನದೂ ಓಡಲಿಲ್ಲ. ಪೇಟೆಯಲ್ಲಿಯೂ ಇಲ್ಲ, ದಂಡಿನಲ್ಲಿಯೂ ಇಲ್ಲ. ಆದುದರಿಂದ ಬೀದಿಯ ನಡುವೆ ಟ್ರಾಮ್ ಇರುವ ಹಳೆಯ ಪಟವು ಬೆಂಗಳೂರಿನದಾಗಲಾರದು. ಟ್ರಾಮೇ ಅದಕ್ಕೆ ವಿರೋಧಿಯಾದ ಸಾಕ್ಷಿ. ಯಾವುದನ್ನು ಜನರು ಬೆಂಗಳೂರಿನ ವೈಭವದ ಗುರುತೆಂದು ಹಿಡಿದಿದ್ದಾರೆಯೋ, ಅದೇ ಆ ಪಟವನ್ನು ಬೆಂಗಳೂರಿನಿಂದ ಹೊರಗೆ ಹಾಕುತ್ತದೆ.

ಹಾಗಾದರೆ ಆ ಪಟ ಎಲ್ಲಿಯದು? ಭಾರತದಲ್ಲಿ ಟ್ರಾಮ್ ಓಡಿದ ದೊಡ್ಡ ನಗರಗಳು ಬೆರಳೆಣಿಕೆಯಷ್ಟೇ. ಕಲ್ಕತ್ತೆಯಲ್ಲಿ 1873ರಲ್ಲಿ ಕುದುರೆಯ ಟ್ರಾಮ್ ಮೊದಲಾಯಿತು. 1902ರಲ್ಲಿ ವಿದ್ಯುತ್ತಿನದು ಬಂದಿತು. ಬೊಂಬಾಯಿಯಲ್ಲಿ 1874ರಲ್ಲಿ ಕುದುರೆಯದು, 1907ರಲ್ಲಿ ವಿದ್ಯುತ್ತಿನದು. 1964ರ ಮಾರ್ಚ್ 31ರಂದು ಅಲ್ಲಿನ ಕಡೆಯ ಟ್ರಾಮ್ ಓಡಿತು. ಮದರಾಸಿನಲ್ಲಿ 1895ರಲ್ಲಿ ವಿದ್ಯುತ್ ಟ್ರಾಮ್ ಆರಂಭವಾಗಿ 1953ರವರೆಗೆ ನಡೆಯಿತು. ಕಾನಪುರದಲ್ಲಿ 1907ರಿಂದ 1933ರವರೆಗೆ, ದೆಹಲಿಯಲ್ಲಿ 1908ರಿಂದ 1963ರವರೆಗೆ ಟ್ರಾಮ್ ಇದ್ದಿತು. ನಾಸಿಕ, ಪಾಟ್ನಾ ಮೊದಲಾದ ಊರುಗಳಲ್ಲಿ ಸಣ್ಣ ಪ್ರಮಾಣದಲ್ಲಿ ಇದ್ದು ಹೋಯಿತು. ಇಪ್ಪತ್ತೊಂದನೆಯ ಶತಮಾನವನ್ನು ಕಂಡದ್ದು ಕಲ್ಕತ್ತೆಯ ಟ್ರಾಮ್ ಮಾತ್ರ. ಪಟವು ಈ ದೇಶದ್ದೇ ಆಗಿದ್ದರೆ ಅದರ ಸ್ಥಳವನ್ನು ಈ ಊರುಗಳಲ್ಲಿ ಹುಡುಕಬೇಕು. ಕೊಳಂಬು, ರಂಗೂನು, ಕರಾಚಿಗಳಲ್ಲಿಯೂ ಟ್ರಾಮ್ ಇದ್ದಿತೆಂಬುದನ್ನು ಮರೆಯಬಾರದು. ದಕ್ಷಿಣದವರ ಮನೆಗಳಲ್ಲಿ ಸಿಕ್ಕುವ ಪಟಗಳ ವಿಷಯದಲ್ಲಿ ಮೊದಲು ಪರೀಕ್ಷಿಸತಕ್ಕದ್ದು ಮದರಾಸು, ಅನಂತರ ಬೊಂಬಾಯಿ.

ಇನ್ನು ಎದುರು ಪಕ್ಷದವರ ಹೇತುಗಳನ್ನು ಒಂದೊಂದಾಗಿ ವಿಚಾರಿಸಬಹುದು.

ಮೊದಲನೆಯ ಆಕ್ಷೇಪ: “ಪಟದ ಮೇಲೆಯೇ ಬೆಂಗಳೂರು ಎಂಬ ಅಕ್ಷರಗಳು ಅಚ್ಚಾಗಿವೆಯಲ್ಲ? ಶಬ್ದಪ್ರಮಾಣವನ್ನು ಬಿಡುವುದು ಹೇಗೆ?” ಶಬ್ದಪ್ರಮಾಣವನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ; ಶಬ್ದವನ್ನು ಸರಿಯಾಗಿ ಓದಬೇಕೆಂದಷ್ಟೇ ಹೇಳುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಿತ್ರದ ಅಂಚೆ ಕಾರ್ಡುಗಳನ್ನು ಅಚ್ಚು ಹಾಕಿಸಿ ಮಾರುತ್ತಿದ್ದವರಲ್ಲಿ ಹಿಗ್ಗಿನ್‌ಬಾಥಮ್ ಕಂಪೆನಿಯವರು ಪ್ರಸಿದ್ಧರು. ಅವರ ಮುಖ್ಯ ಅಂಗಡಿ ಮದರಾಸಿನಲ್ಲಿ, ಶಾಖೆ ಬೆಂಗಳೂರಿನಲ್ಲಿ. ಅವರ ಕಾರ್ಡುಗಳ ಮೇಲೆ ‘ಹಿಗ್ಗಿನ್‌ಬಾಥಮ್ ಕಂಪೆನಿ, ಮದರಾಸು ಮತ್ತು ಬೆಂಗಳೂರು’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಅದು ಮಾರಾಟಗಾರರ ವಿಳಾಸವೇ ಹೊರತು ಪಟದಲ್ಲಿ ಕಾಣುವ ಬೀದಿಯ ವಿಳಾಸವಲ್ಲ. ಪಂಚಾಂಗದ ಮೇಲೆ ಅಚ್ಚುಕೂಟದ ಹೆಸರಿದ್ದ ಮಾತ್ರಕ್ಕೆ ಗ್ರಹಣವು ಆ ಅಚ್ಚುಕೂಟದೊಳಗೇ ಸಂಭವಿಸಿತೆಂದು ಯಾರಾದರೂ ತಿಳಿಯುವರೆ? ಕಾರ್ಡಿನ ಅಂಚು ಸವೆದು ಮೊದಲ ಹೆಸರು ಅಳಿದು ಎರಡನೆಯದು ಮಾತ್ರ ಉಳಿದಿದ್ದರೆ ಭ್ರಮೆಗೆ ಇನ್ನೇನು ಬೇಕು! ಕಾರ್ಡಿನ ಹಿಂಬದಿಯ ಅಂಚೆಯ ಮುದ್ರೆಯೂ ಹೀಗೆಯೇ. ಬೆಂಗಳೂರಿನ ಮುದ್ರೆ ಇದ್ದರೆ ಕಾರ್ಡು ಬೆಂಗಳೂರಿನಲ್ಲಿ ಅಂಚೆಗೆ ಬಿದ್ದಿತೆಂದೋ, ಬೆಂಗಳೂರಿಗೆ ಬಂದು ಸೇರಿತೆಂದೋ ಅರ್ಥ. ಪಟವನ್ನು ಬೆಂಗಳೂರಿನಲ್ಲಿ ತೆಗೆದರೆಂದು ಅರ್ಥವಲ್ಲ.

ಎರಡನೆಯ ಆಕ್ಷೇಪ: “ಪಟದಲ್ಲಿ ಹೈಕೋರ್ಟಿನ ಕೆಂಪು ಕಟ್ಟಡವೇ ಕಾಣುತ್ತದೆ.” ಹೈಕೋರ್ಟು ಎಂಬುದು ಒಂದೇ ಊರಿನಲ್ಲಿ ಇರುವ ವಸ್ತುವಲ್ಲ. ಬೆಂಗಳೂರಿನ ಅಠಾರಾ ಕಚೇರಿ 1868ರಲ್ಲಿ ಮುಗಿದ ಕಟ್ಟಡ. ಎತ್ತರವಾದ ಕಂಬಗಳ ಸಾಲು, ಮುಂಭಾಗದಲ್ಲಿ ತ್ರಿಕೋನಾಕೃತಿಯ ಮಕುಟ. ಅದಕ್ಕೆ ಗುಮ್ಮಟಗಳಿಲ್ಲ, ಗೋಪುರಗಳಿಲ್ಲ. ಮದರಾಸಿನ ಹೈಕೋರ್ಟು 1892ರದು. ಅದು ಗುಮ್ಮಟಗಳಿಂದಲೂ ಗೋಪುರಗಳಿಂದಲೂ ಇಡಿಕಿರಿದದ್ದು. ಅದರ ಅತ್ಯುನ್ನತ ಗೋಪುರದ ಮೇಲೆ ಸಮುದ್ರದ ಹಡಗುಗಳಿಗಾಗಿ ದೀಪವನ್ನು ಇಟ್ಟಿದ್ದರು. ಎರಡೂ ಕೆಂಪು ಎಂಬುದೊಂದೇ ಸಾಮ್ಯ. ಹಸುವೂ ನಾಲ್ಕು ಕಾಲಿನದು, ಕುದುರೆಯೂ ನಾಲ್ಕು ಕಾಲಿನದು. ಕೊಂಬನ್ನು ನೋಡದೆ ಹಾಲು ಕರೆಯಲು ಹೋಗುವವನಿಗೆ ಒದೆ ತಪ್ಪದು. ಸಮುದ್ರವಿಲ್ಲದ ಬೆಂಗಳೂರಿನಲ್ಲಿ ದೀಪಸ್ತಂಭವನ್ನು ಹೊತ್ತ ನ್ಯಾಯಾಲಯ ಎಲ್ಲಿಂದ ಬರಬೇಕು?

ಇಲ್ಲಿಯೇ ಅಂಗಡಿಗಳ ಫಲಕಗಳ ವಿಷಯವನ್ನೂ ಹೇಳಬೇಕು. ಫಲಕಗಳು ತಮಿಳಿನಲ್ಲಿವೆ, ಆದುದರಿಂದ ಪಟವು ಮದರಾಸಿನದು ಎಂದು ಕೆಲವರು ಸತ್ಯಪಕ್ಷದ ಪರವಾಗಿಯೇ ವಾದಿಸುತ್ತಾರೆ. ಈ ಹೇತು ದುರ್ಬಲವಾದದ್ದು. ದಂಡಿನ ಪ್ರದೇಶದಲ್ಲಿ ತಮಿಳು ಮಾತನಾಡುವ ವರ್ತಕರು ಬಹುಕಾಲದಿಂದ ಇದ್ದಾರೆ; ತಮಿಳು ಫಲಕ ಮಾತ್ರದಿಂದ ಬೆಂಗಳೂರು ತಪ್ಪಿಹೋಗುವುದಿಲ್ಲ. ಸತ್ಯವನ್ನು ದುರ್ಬಲವಾದ ಹೇತುವಿನಿಂದ ಸಾಧಿಸಲು ಹೊರಟವನು ಎದುರಾಳಿಗೆ ಉಪಕಾರ ಮಾಡುತ್ತಾನೆ.

ಮೂರನೆಯ ಆಕ್ಷೇಪ ತುಸು ಹೆಮ್ಮೆಯಿಂದ ಕೂಡಿದದ್ದು: “ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಇಷ್ಟು ಮೊದಲೇ ವಿದ್ಯುತ್ತನ್ನು ಪಡೆದ ನಗರದಲ್ಲಿ ಟ್ರಾಮ್ ಇರಲಿಲ್ಲವೆಂದರೆ ನಂಬುವುದು ಹೇಗೆ? ಪಟದಲ್ಲಿ ಬೀದಿಯ ಮೇಲೆ ತಂತಿಗಳೂ ಕಾಣುತ್ತವೆ.” ಎಲ್ಲಿ ವಿದ್ಯುತ್ತುಂಟೋ ಅಲ್ಲಿ ಟ್ರಾಮ್ ಉಂಟು ಎಂಬ ವ್ಯಾಪ್ತಿಯನ್ನು ಒಪ್ಪಿದರೆ ಈ ಅನುಮಾನ ನಿಲ್ಲುತ್ತದೆ. ಆದರೆ ವ್ಯಾಪ್ತಿ ಎರಡು ಕಡೆಯೂ ಒಡೆದಿದೆ. 1874ರ ಬೊಂಬಾಯಿಯಲ್ಲಿ ಟ್ರಾಮ್ ಇದ್ದಿತು, ಅದನ್ನು ಎಳೆಯುತ್ತಿದ್ದದ್ದು ಕುದುರೆ. ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ವಿದ್ಯುತ್ತನ್ನು ಪಡೆದ ಚಿನ್ನದ ಗಣಿಯ ಊರಿನ ಬೀದಿಗಳಲ್ಲಿ ಟ್ರಾಮ್ ಇಲ್ಲ. ವಿದ್ಯುತ್ತು ಟ್ರಾಮಿಗೆ ಅನುಕೂಲವಾದ ಸಾಮಗ್ರಿ. ಟ್ರಾಮಿನ ಅಸ್ತಿತ್ವಕ್ಕೆ ಸಾಕ್ಷಿಯಲ್ಲ. ಮನೆಯಲ್ಲಿ ಅಕ್ಕಿಯಿದ್ದ ಮಾತ್ರಕ್ಕೆ ಪಾಯಸ ಬೆಂದಿತೆಂದು ಹೇಳಲಾಗದು. ಬೀದಿಯ ತಂತಿಗಳಾದರೋ ದೀಪದವೂ ಆಗಬಹುದು, ಟೆಲಿಗ್ರಾಫಿನವೂ ಆಗಬಹುದು, ಟೆಲಿಫೋನಿನವೂ ಆಗಬಹುದು.

ಹಳಿಗಳ ವಿಷಯವೂ ಇಷ್ಟೇ. ಬೆಂಗಳೂರಿಗೆ ರೈಲು 1864ರಲ್ಲಿಯೇ ದಂಡಿನ ಕಡೆಯಿಂದ ಬಂದಿತು. ಕೆಂಗೇರಿಯ ಮೇಲೆ ಹಾದುಹೋಗುವ ಮೈಸೂರಿನ ದಾರಿ 1882ರಲ್ಲಿ ಪೂರ್ಣವಾಯಿತು. ತುಮಕೂರಿನ ದಾರಿ 1884ರದು. ರಸ್ತೆಯನ್ನು ರೈಲು ದಾಟುವ ಗೇಟಿನ ಪಟವನ್ನು ಕಂಡು ಬೀದಿಯಲ್ಲಿ ಟ್ರಾಮಿನ ಹಳಿಯೆಂದು ತಿಳಿದವರಿದ್ದಾರೆ. ಇನ್ನು ಮೈಸೂರು ಸಂಸ್ಥಾನದ ಹಳೆಯ ಬರಹಗಳಲ್ಲಿ ‘ಟ್ರಾಮ್‌ವೇ’ ಎಂಬ ಶಬ್ದ ಬರುತ್ತದೆಯೆಂದು ಕೆಲವರು ತೋರಿಸುತ್ತಾರೆ. ಬರುವುದು ನಿಜ. ಮಲೆನಾಡಿನ ತರೀಕೆರೆಗೂ ನರಸಿಂಹರಾಜಪುರಕ್ಕೂ ನಡುವೆ ಓಡುತ್ತಿದ್ದ ಸಣ್ಣ ಹಳಿಯ ದಾರಿಗೆ ಆ ಹೆಸರಿದ್ದಿತು. ಅದು ಕಾಡಿನ ದಾರಿ, ನಗರದ ಬೀದಿಯದಲ್ಲ. ಶಬ್ದ ಒಂದಾದರೂ ಅರ್ಥ ಬೇರೆಯಾಗಿರುವಾಗ ಪ್ರಕರಣವನ್ನು ನೋಡಿ ಅರ್ಥವನ್ನು ನಿರ್ಣಯಿಸಬೇಕೆಂಬುದು ಪಾಠಶಾಲೆಯ ಚಿಕ್ಕ ವಿದ್ಯಾರ್ಥಿಗೂ ತಿಳಿದ ಸಂಗತಿ. ಊಟದ ಹೊತ್ತಿನಲ್ಲಿ ಸೈಂಧವವನ್ನು ತಾ ಎಂದರೆ ಉಪ್ಪನ್ನು ತರಬೇಕು, ಕುದುರೆಯನ್ನು ತರಬಾರದು.

“ಟ್ರಾಮ್ ಹಾಕಬೇಕೆಂಬ ಆಲೋಚನೆ ಬಂದಿದ್ದಿರಬೇಕು” ಎಂಬ ಮಾತೂ ಕೇಳಿಬರುತ್ತದೆ. ಬಂದಿದ್ದರೂ ಆಲೋಚನೆಯ ಪಟವನ್ನು ಕ್ಯಾಮೆರಾ ತೆಗೆಯಲಾರದು. ಪಟದಲ್ಲಿ ಕಾಣುವುದು ಓಡುವ ಗಾಡಿ. ಸಾಧಿಸಬೇಕಾದದ್ದೂ ಓಡುವ ಗಾಡಿಯನ್ನೇ.

ನಾಲ್ಕನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ಏಕೆಂದರೆ ಅದು ಹಿರಿಯರ ಮಾತನ್ನು ಆಶ್ರಯಿಸಿದೆ. “ತಾತನವರು ತಾವು ವಿದ್ಯಾರ್ಥಿಯಾಗಿದ್ದಾಗ ಟ್ರಾಮ್ ಹತ್ತುತ್ತಿದ್ದೆವೆಂದು ಹೇಳುತ್ತಿದ್ದರು. ಪಟವೂ ಅವರ ಪೆಟ್ಟಿಗೆಯಲ್ಲಿಯೇ ಸಿಕ್ಕಿತು. ಅವರು ಸುಳ್ಳು ಹೇಳಿದರೆ?” ಅವರು ಸುಳ್ಳು ಹೇಳಲಿಲ್ಲ. ಅವರ ಮಾತನ್ನು ಕೇಳಿದವರು ಊರಿನ ಹೆಸರನ್ನು ಬಿಟ್ಟು ಉಳಿದದ್ದನ್ನು ನೆನಪಿನಲ್ಲಿಟ್ಟುಕೊಂಡರು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು 1916ರಲ್ಲಿ. ಅದಕ್ಕೆ ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪದವಿಗಾಗಿ, ಕಾನೂನಿಗಾಗಿ, ವೈದ್ಯಕ್ಕಾಗಿ ಮೈಸೂರು ಸೀಮೆಯ ಹುಡುಗರು ಮದರಾಸಿನ ಕಡೆಗೆ ಮುಖ ಮಾಡುತ್ತಿದ್ದ ಕಾಲ ಅದು. ಬಳ್ಳಾರಿ ಜಿಲ್ಲೆ 1953ರವರೆಗೆ, ಮಂಗಳೂರು ಕಾಸರಗೋಡುಗಳನ್ನೊಳಗೊಂಡ ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಬೊಂಬಾಯಿಯೇ ರಾಜಧಾನಿ. ಕರಾವಳಿಯಿಂದ ಬೊಂಬಾಯಿಗೆ ಹೋಗಿ ಹೋಟೆಲುಗಳಲ್ಲಿ ದುಡಿದು, ಹಗಲು ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಓದಿದ ಕನ್ನಡಿಗರ ಸಂಖ್ಯೆ ಅಲ್ಪವಲ್ಲ. ಇವರೆಲ್ಲರೂ ಟ್ರಾಮ್ ಹತ್ತಿದವರೇ. ಕನ್ನಡಿಗನು ಟ್ರಾಮ್ ಹತ್ತಿದ್ದು ಸತ್ಯ. ಬೆಂಗಳೂರಿನಲ್ಲಿ ಹತ್ತಿದನೆಂಬುದು ಮಿಥ್ಯೆ.

ಈ ಭೇದವು ಅಲ್ಪವಾದದ್ದೆಂದು ಭಾವಿಸಬಾರದು. ಹಳ್ಳಿಯ ಹುಡುಗನೊಬ್ಬನು ಊರನ್ನು ಬಿಟ್ಟು, ಭಾಷೆ ತಿಳಿಯದ ಮಹಾನಗರಕ್ಕೆ ಹೋಗಿ, ವಾರಾನ್ನದಿಂದಲೋ ವಿದ್ಯಾರ್ಥಿವೇತನದಿಂದಲೋ ಓದಿ, ಒಂದು ದಿನ ಕೈಯಲ್ಲಿ ಉಳಿದ ಕಾಸಿನಿಂದ ಆ ನಗರದ ಬೀದಿಯ ಪಟವನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದಿದ್ದರೆ, ಆ ಪಟವು ಅವನ ಸಾಹಸದ ಸಾಕ್ಷಿ. ಅದರ ಕೆಳಗೆ ಮೊಮ್ಮಕ್ಕಳು ‘ಹಳೆಯ ಬೆಂಗಳೂರು’ ಎಂದು ಬರೆದ ಕೂಡಲೇ ಅವನು ಮನೆಯನ್ನು ಬಿಟ್ಟು ಎಲ್ಲಿಗೂ ಹೋಗದವನಾಗುತ್ತಾನೆ. ತಾತನನ್ನು ಗೌರವಿಸಲು ಹೊರಟವರು ತಾತನ ಪ್ರಯಾಣವನ್ನೇ ಅಳಿಸಿಹಾಕಿದಂತಾಯಿತು. ಊರಿನ ಅಭಿಮಾನವೆಂಬುದು ಮನೆಯ ಸತ್ಯವನ್ನು ನುಂಗುವಷ್ಟು ಹಸಿದಿರಬಾರದು.

ಇನ್ನು ಸತ್ಯಪಕ್ಷದ ಪ್ರಮಾಣವನ್ನು ಹೇಳಬೇಕು. “ಇಲ್ಲವೆಂಬುದನ್ನು ಸಾಧಿಸುವುದು ಹೇಗೆ? ಕಾಣದ್ದೆಲ್ಲ ಇಲ್ಲವೆ?” ಎಂದು ಕೇಳುವವರುಂಟು. ಕಾಣದ್ದೆಲ್ಲ ಇಲ್ಲವೆಂದಲ್ಲ. ಇದ್ದಿದ್ದರೆ ಅವಶ್ಯವಾಗಿ ಕಾಣಲೇಬೇಕಾಗಿದ್ದ ಸ್ಥಳದಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆಂದು ನಿಶ್ಚಯಿಸಬೇಕು. ಭಾಟ್ಟ ಮೀಮಾಂಸಕರು ಅನುಪಲಬ್ಧಿಯೆಂದು ಹೇಳಿದ ಪ್ರಮಾಣ ಇದೇ. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಲಾಗದು. ನಡುಹಗಲಿನ ಅಂಗಳದಲ್ಲಿ ಕಾಣದಿದ್ದರೆ ಅನುಮಾನಕ್ಕೆ ಎಡೆಯಿಲ್ಲ.

ಟ್ರಾಮ್ ನಡುಹಗಲಿನ ವಸ್ತು. ಗುಟ್ಟಾಗಿ ಓಡುವುದು ಅದಕ್ಕೆ ಸಾಧ್ಯವಿಲ್ಲ. ಸಾರ್ವಜನಿಕ ಬೀದಿಯನ್ನು ಅಗೆದು ಹಳಿ ಹಾಕಬೇಕಾದರೆ ಸರಕಾರದ ಅಪ್ಪಣೆ ಬೇಕು. ಬ್ರಿಟಿಷ್ ಭಾರತದಲ್ಲಿ ಇದಕ್ಕಾಗಿ 1886ರಲ್ಲಿ ಒಂದು ಕಾಯಿದೆಯೇ ಆಗಿತ್ತು. ಗಾಡಿಗಳನ್ನು ನಿಲ್ಲಿಸಲು ವಿಶಾಲವಾದ ನಿವೇಶನ ಬೇಕು, ಓಡಿಸುವವರು, ಟಿಕೀಟು ಕೊಡುವವರು, ದುರಸ್ತಿ ಮಾಡುವವರು ಬೇಕು, ಲೆಕ್ಕ ಬೇಕು, ಅಪಘಾತಗಳಾದರೆ ವ್ಯಾಜ್ಯಗಳು ನಡೆಯಬೇಕು. ಬೆಂಗಳೂರಿನ ವಿಷಯದಲ್ಲಿ ಇನ್ನೊಂದು ವಿಶೇಷವುಂಟು. 1881ರಿಂದ ಈಚೆಗೆ ಪೇಟೆಯ ಕಡೆಯ ನಗರವು ಮೈಸೂರು ಸಂಸ್ಥಾನದ ಅಧೀನದಲ್ಲಿಯೂ, ದಂಡಿನ ಪ್ರದೇಶವು ಬ್ರಿಟಿಷರ ಅಧೀನದಲ್ಲಿಯೂ ಇದ್ದವು. 1901ರ ಜನಗಣತಿಯು ನಗರಕ್ಕೆ 69,447 ಜನರನ್ನೂ ದಂಡಿಗೆ 89,599 ಜನರನ್ನೂ ಬೇರೆ ಬೇರೆಯಾಗಿ ಎಣಿಸಿತು. ದಂಡು ಸಂಸ್ಥಾನಕ್ಕೆ ಹಿಂದಿರುಗಿದ್ದು 1947ರಲ್ಲಿ. ಎರಡು ಪುರಸಭೆಗಳೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಆದುದರಿಂದ ಪೇಟೆಯಿಂದ ದಂಡಿಗೆ ಟ್ರಾಮ್ ಓಡಿದ್ದರೆ ಎರಡು ಆಡಳಿತಗಳ ಅಪ್ಪಣೆಯೂ ಎರಡು ಕಡೆಯ ದಾಖಲೆಯೂ ಇರಬೇಕಾಗಿತ್ತು. ಸಿ. ಹಯವದನರಾಯರು ಸಂಪಾದಿಸಿದ ಮೈಸೂರು ಗೆಜೆಟಿಯರಿನ ಸಂಪುಟಗಳು 1927ರಿಂದ 1930ರವರೆಗೆ ಪ್ರಕಟವಾದವು. ಕೆರೆಕಟ್ಟೆಗಳನ್ನೂ ಜಾತ್ರೆಗಳನ್ನೂ ಬಿಡದೆ ವಿವರಿಸಿದ ಆ ಗ್ರಂಥದಲ್ಲಿ ಬೆಂಗಳೂರಿನ ಟ್ರಾಮ್ ಸೇವೆಯ ವರ್ಣನೆಯನ್ನು ಹುಡುಕುವವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ದಾಖಲೆಗಳು ದೂರದ ಮಾತೆನ್ನುವವರು ಸ್ಥಳನಾಮಗಳನ್ನು ವಿಚಾರಿಸಲಿ. ಬೊಂಬಾಯಿಯ ದಾದರಿನಲ್ಲಿ ಟ್ರಾಮ್ ನಿಂತು ಅರವತ್ತು ವರ್ಷಗಳು ಕಳೆದರೂ ಜನರು ಆ ಸ್ಥಳವನ್ನು ‘ದಾದರ್ ಟಿ.ಟಿ.’ ಎಂದೇ ಕರೆಯುತ್ತಾರೆ. ಆ ಎರಡು ಅಕ್ಷರಗಳ ಅರ್ಥ ಟ್ರಾಮಿನ ಕೊನೆಯ ನಿಲ್ದಾಣವೆಂದು. ವಸ್ತು ಹೋದರೂ ಹೆಸರು ಉಳಿಯುವುದು ಲೋಕಸ್ವಭಾವ. ಪಶ್ಚಿಮ ಬೆಂಗಳೂರೇ ಇದಕ್ಕೆ ನಿದರ್ಶನ. ಮಾಗಡಿ ರಸ್ತೆಯಲ್ಲಿ ಸುಂಕ ವಸೂಲಿ ಮಾಡುವ ಗೇಟು ಇಲ್ಲವಾದರೂ ‘ಟೋಲ್‌ಗೇಟ್’ ಎಂಬ ಹೆಸರು ವಿಜಯನಗರದವರ ನಾಲಗೆಯ ಮೇಲೆ ಇದೆ. ಬಿನ್ನಿ ಮಿಲ್ಲಿನ ಮಗ್ಗಗಳು ನಿಂತುಹೋದರೂ ಮಿಲ್ಲಿನ ಹೆಸರು ರಸ್ತೆಗೆ ಉಳಿದಿದೆ. ಗದ್ದೆ ತೋಟಗಳು ಹೋಗಿ ಸಾಲುಮನೆಗಳೆದ್ದರೂ ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಅತ್ತಿಗುಪ್ಪೆ ಎಂಬ ಹಳ್ಳಿಗಳ ಹೆಸರುಗಳು ಅಳಿದಿಲ್ಲ. ಒಂದು ಸುಂಕದ ಗೇಟನ್ನು ಮರೆಯದ ಜನರು, ಗಂಟೆ ಬಾರಿಸುತ್ತ ಬೀದಿಯನ್ನೆಲ್ಲ ನಡುಗಿಸುತ್ತಿದ್ದ ಟ್ರಾಮನ್ನು ಒಂದು ನಿಲ್ದಾಣದ ಹೆಸರೂ ಉಳಿಯದಂತೆ ಮರೆತರೆಂದು ನಂಬಬೇಕೆ? ನಡುಹಗಲಿನ ಅಂಗಳದಲ್ಲಿ ಕೊಡವಿಲ್ಲ.

ಐದನೆಯದು ಆಕ್ಷೇಪವಲ್ಲ, ಉದಾಸೀನ: “ಒಂದು ಪಟದ ಹೆಸರು ತಪ್ಪಿದರೆ ಯಾರಿಗೆ ಏನು ನಷ್ಟ? ನೋಡಿ ಸಂತೋಷಪಟ್ಟರೆ ಸಾಲದೆ?” ನಷ್ಟವು ಮೂರು ವಿಧವಾಗಿದೆ. ಮನೆಯ ಇತಿಹಾಸಕ್ಕೆ ಆಗುವ ನಷ್ಟವನ್ನು ಆಗಲೇ ಹೇಳಿದೆ.

ಎರಡನೆಯದು ನಗರದ ಇತಿಹಾಸಕ್ಕೆ ಆಗುವ ನಷ್ಟ. ಟ್ರಾಮಿನ ಪಟವನ್ನು ಗೋಡೆಗೆ ಹಾಕಿದವನು ನಿಜವಾದ ಹಳೆಯ ಬೆಂಗಳೂರನ್ನು ಗೋಡೆಯಿಂದ ಇಳಿಸುತ್ತಾನೆ. ಆ ಬೆಂಗಳೂರಿನಲ್ಲಿ ಸಾಮಾನ್ಯ ಜನರು ನಡೆಯುತ್ತಿದ್ದರು. ಅನುಕೂಲವಿದ್ದವರು ಜಟಕಾ ಹತ್ತುತ್ತಿದ್ದರು. ಕೆಂಗೇರಿ ಮಾಗಡಿಗಳ ಕಡೆಯ ರೈತರು ಎತ್ತಿನ ಗಾಡಿಗಳಲ್ಲಿ ಸರಕನ್ನು ತುಂಬಿಕೊಂಡು ಪೇಟೆಗೆ ಬರುತ್ತಿದ್ದರು. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ ಎಂಬ ಬಸ್ಸಿನ ಸಂಸ್ಥೆ ಸ್ಥಾಪಿತವಾದದ್ದು 1940ರಲ್ಲಿ. ಅದು ಸರಕಾರದ ವಶಕ್ಕೆ ಬಂದದ್ದು 1956ರಲ್ಲಿ. ರಾಜಾಜಿನಗರವು ರೂಪುಗೊಳ್ಳಲು ಆರಂಭಿಸಿದ್ದೇ 1949ರ ಸುಮಾರಿಗೆ. ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರು ಅದಕ್ಕೆ ಬಂದಿತು. ವಿಜಯನಗರ, ಬಸವೇಶ್ವರನಗರಗಳು ಅದಕ್ಕೂ ಈಚಿನವು. ಟ್ರಾಮಿನ ಕಾಲದಲ್ಲಿ ಇವು ಹೊಲಗಳೂ ಕೆರೆಗಳೂ ತೋಪುಗಳೂ ಆಗಿದ್ದ ನೆಲ. ಆ ಹೊಲಗಳ ಕತೆಯನ್ನು ತಿಳಿದ ಮುದುಕರು ದಿನೇದಿನೇ ಕಣ್ಮರೆಯಾಗುತ್ತಿರುವಾಗ, ಅವರನ್ನು ಕೇಳಿ ಬರೆದಿಡುವ ಕೆಲಸವನ್ನು ಬಿಟ್ಟು ಪರರ ನಗರದ ಪಟವನ್ನು ಎರವಲು ತಂದು ಮೆರೆಸುವುದು ಎಂತಹ ಅಭಿಮಾನ!

ಮೂರನೆಯದು ಸಾರ್ವಜನಿಕ ವಿವೇಕಕ್ಕೆ ಆಗುವ ನಷ್ಟ. “ಹಿಂದಿನವರು ಟ್ರಾಮ್ ಹಾಕಿಸಿದ್ದರು, ಈಚಿನವರು ಅದನ್ನು ಕಿತ್ತು ಹಾಕಿದರು” ಎಂಬ ವಿಲಾಪವು ಈ ಪಟಗಳ ಬಾಲವನ್ನು ಹಿಡಿದೇ ಬರುತ್ತದೆ. ಮದರಾಸಿನವರೂ ಬೊಂಬಾಯಿಯವರೂ ಹೀಗೆ ದುಃಖಿಸಿದರೆ ಅದಕ್ಕೆ ಆಧಾರವುಂಟು. ಬೆಂಗಳೂರಿನವರು ಇಲ್ಲದ್ದನ್ನು ಕಳೆದುಕೊಂಡೆವೆಂದು ಅಳುವುದು ಬಂಜೆಯ ಮಗನಿಗೆ ಶ್ರಾದ್ಧ ಮಾಡಿದಂತೆ. ಸತ್ಯವಾದ ಪಾಠವು ಬೇರೆ. ಈ ನಗರವು ಜನಸಾಮಾನ್ಯರ ಓಡಾಟಕ್ಕೆ ವ್ಯವಸ್ಥೆಯನ್ನು ಬಹಳ ತಡವಾಗಿ ಮಾಡಿಕೊಂಡಿತು. ಬೀದಿಯ ಹಳಿಯನ್ನು ಎಂದೂ ಕಾಣದೆಯೇ ಬೆಳೆದುಹೋಯಿತು. ನಗರದ ಮೊದಲ ಮೆಟ್ರೋ ರೈಲು ಓಡಿದ್ದು 2011ರಲ್ಲಿ. ಅದು ರಾಜಾಜಿನಗರಕ್ಕೆ 2014ರಲ್ಲಿ, ವಿಜಯನಗರಕ್ಕೆ 2015ರಲ್ಲಿ, ಕೆಂಗೇರಿಗೆ 2021ರಲ್ಲಿ ಬಂದಿತು. ಕಲ್ಕತ್ತೆಯ ಕುದುರೆ ಟ್ರಾಮಿಗೂ ಕೆಂಗೇರಿಯ ಮೆಟ್ರೋಗೂ ನಡುವೆ 148 ವರ್ಷಗಳ ಅಂತರ. ಇದರಲ್ಲಿ ವಿಚಾರ ಮಾಡತಕ್ಕದ್ದು ಬೇಕಾದಷ್ಟಿದೆ. ಸುಳ್ಳು ವೈಭವವು ಆ ವಿಚಾರಕ್ಕೆ ಅಡ್ಡ ಗೋಡೆಯಾಗಿ ನಿಂತಿದೆ.

ಖಂಡನೆ ಮಾತ್ರದಿಂದ ಕಾರ್ಯ ಮುಗಿಯದು. ಪಟದ ಸ್ಥಳವನ್ನು ಗುರುತಿಸುವ ಕ್ರಮವನ್ನೂ ಹೇಳಬೇಕು. ಚಲಿಸುವ ವಸ್ತುಗಳನ್ನು ಬಿಟ್ಟು ಚಲಿಸದ ವಸ್ತುಗಳನ್ನು ಮೊದಲು ನೋಡಬೇಕು. ಹೈಕೋರ್ಟಿನ ಗುಮ್ಮಟಗಳು ಅಥವಾ 1913ರಲ್ಲಿ ಮುಗಿದ ಬಿಳಿಯ ರಿಪನ್ ಕಟ್ಟಡದ ಗಡಿಯಾರಗೋಪುರ ಕಂಡರೆ ಅದು ಮದರಾಸು. ವಿಕ್ಟೋರಿಯಾ ಟರ್ಮಿನಸ್ಸಿನ ಶಿಖರಗಳೋ ಫ್ಲೋರಾ ಕಾರಂಜಿಯೋ ಕಂಡರೆ ಬೊಂಬಾಯಿ. ಚಾಂದನಿ ಚೌಕದ ಗಡಿಯಾರಗೋಪುರವಿದ್ದರೆ ದೆಹಲಿ. ಹೌರಾದ ಉಕ್ಕಿನ ಸೇತುವೆಯಿದ್ದರೆ ಕಲ್ಕತ್ತೆ. ಆ ಸೇತುವೆ 1943ರದಾದುದರಿಂದ ಪಟವು ಅದಕ್ಕಿಂತ ಹಿಂದಿನದಲ್ಲ. ಅನಂತರ ಗಾಡಿಯ ರೂಪವನ್ನು ನೋಡಬೇಕು. ಬೊಂಬಾಯಿಯಲ್ಲಿ ಎರಡು ಅಂತಸ್ತಿನ ಟ್ರಾಮ್ ಬಂದದ್ದು 1920ರಲ್ಲಿ; ಕುದುರೆಯ ಬದಲು ತಂತಿಯಿದ್ದರೆ ಪಟವು 1907ಕ್ಕೆ ಹಿಂದಿನದಲ್ಲ. ಆಮೇಲೆ ಅಕ್ಷರಗಳನ್ನು ನೋಡಬೇಕು. ಅಕ್ಷರಗಳು ತಲೆಕೆಳಗಾಗದೆ ಎಡಬಲ ಬದಲಾಗಿದ್ದರೆ ಪಟವೇ ತಿರುಗಿ ಅಚ್ಚಾಗಿದೆಯೆಂದು ತಿಳಿಯಬೇಕು. ಪರಸ್ಪರ ವಿರುದ್ಧವಾದ ಗುರುತುಗಳು ಒಂದೇ ಪಟದಲ್ಲಿದ್ದರೆ ಕೈವಾಡವನ್ನು ಶಂಕಿಸಬೇಕು: 1953ರಲ್ಲಿ ನಿಂತ ಮದರಾಸಿನ ಟ್ರಾಮಿನ ಪಕ್ಕದಲ್ಲಿ 1959ರಲ್ಲಿ ಮುಗಿದ ಜೀವವಿಮಾ ನಿಗಮದ ಎತ್ತರದ ಕಟ್ಟಡ ಕಂಡರೆ ಆ ಪಟವನ್ನು ಕ್ಯಾಮೆರಾ ತೆಗೆದದ್ದಲ್ಲ, ಯಾರೋ ಜೋಡಿಸಿದ್ದು. ಕಟ್ಟಕಡೆಗೆ ನೋಡತಕ್ಕದ್ದು ಕೆಳಗಿನ ಒಕ್ಕಣೆ. ಜನರು ಅದನ್ನೇ ಮೊದಲು ಓದಿ ಉಳಿದದ್ದನ್ನು ನೋಡದೆ ಬಿಡುವುದರಿಂದಲೇ ಅನರ್ಥವೆಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡೆಂದು ಕನ್ನಡದ ಗಾದೆಯೇ ಹೇಳುತ್ತದೆ. ವಿದ್ಯಾವಂತ ಗೃಹಸ್ಥರು ಮಾಡತಕ್ಕದ್ದು ಕಷ್ಟದ ಕೆಲಸವೇನೂ ಅಲ್ಲ. ಮನೆಯಲ್ಲಿರುವ ಹಳೆಯ ಪಟಗಳನ್ನು ಹೊರಗೆ ತೆಗೆಯಲಿ. ಹಿರಿಯರು ಇರುವಾಗಲೇ ಎಲ್ಲಿಯದು, ಎಂದಿನದು, ಯಾರು ತಂದರು, ಏಕೆ ಹೋಗಿದ್ದರು ಎಂದು ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಲಿ. ನಿಶ್ಚಯವಾದದ್ದನ್ನು ನಿಶ್ಚಯವೆಂದೂ, ಊಹೆಯನ್ನು ಊಹೆಯೆಂದೂ ಬರೆಯಲಿ. ತಿಳಿಯದಿದ್ದರೆ ‘ಸ್ಥಳ ತಿಳಿಯದು’ ಎಂಬ ಎರಡು ಪದಗಳನ್ನು ಬರೆಯಲು ನಾಚಬೇಕಾಗಿಲ್ಲ. ‘ಹಳೆಯ ಬೆಂಗಳೂರು’ ಎಂಬ ಸುಳ್ಳಿಗಿಂತ ಆ ಎರಡು ಪದಗಳಿಗೆ ಹೆಚ್ಚಿನ ಮಾನವುಂಟು. ಟ್ರಾಮ್ ಇರುವ ಪಟದ ಕೆಳಗೆ ಬೆಂಗಳೂರೆಂದು ಬರೆದಿದ್ದವರು ಅದನ್ನು ಹೊಡೆದುಹಾಕಿ, ಗುರುತು ಸಿಕ್ಕಿದರೆ ಮದರಾಸೆಂದೋ ಬೊಂಬಾಯಿಯೆಂದೋ ಬರೆದು, ಆ ಊರಿಗೆ ಮನೆಯವರಲ್ಲಿ ಯಾರು ಹೋಗಿದ್ದರೆಂದು ವಿಚಾರಿಸಲು ತೊಡಗಲಿ. ಟ್ರಾಮ್ ಇಲ್ಲದ ಬೆಂಗಳೂರಿಗೆ ಅದರಿಂದ ಯಾವ ಕುಂದೂ ಇಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಸಿಕೊಳ್ಳುವಷ್ಟು ಚರಿತ್ರೆ ಈ ನಗರಕ್ಕೆ ಸ್ವಂತವಾಗಿಯೇ ಇದೆ.